ಡ್ರಮ್ ತಿರುಗಿದರೆ ಸಾಲದು, ಕಚ್ಚಬೇಕು

ಪ್ರಶ್ನೆ: ನಮ್ಮದು ಕಾಳಗದ ರೋಬೋಟ್, 1.36 ಕೆಜಿಯ ಬೀಟಲ್‌ವೇಟ್ ವರ್ಗದ್ದು. ಆಯುಧವಾಗಿ ತಿರುಗುವ ಎರಡು ಹಲ್ಲಿನ ಡ್ರಮ್‌ಗೆ 2,000 ಕೆವಿ (ಪ್ರತಿ ವೋಲ್ಟ್‌ಗೆ 2,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು) ಮೋಟರ್ ನೇರವಾಗಿ ಜೋಡಿಸಿದ್ದೇವೆ. ಬ್ಯಾಟರಿ 3ಎಸ್ ಲಿಪೊ (ಮೂರು ಸೆಲ್‌ನ ಲಿಥಿಯಂ ಪಾಲಿಮರ್, 11.1 ವೋಲ್ಟ್). ಓಡಿಸಲು 300 ಆರ್‌ಪಿಎಂ ಗೇರ್ ಮೋಟರ್, 50 ಮಿ.ಮೀ. ಚಕ್ರ. ಎದುರಾಳಿಗೆ ತಾಗಿದಾಗ ಬರೀ ಕಿಡಿ ಹಾರುತ್ತದೆ, ಪೆಟ್ಟು ಬೀಳುವುದಿಲ್ಲ. 3,000 ಕೆವಿ ಹಾಕಿದರೆ ಸರಿಯಾಗುತ್ತದಾ?
– ಸುರತ್ಕಲ್‌ನ ವಿದ್ಯಾರ್ಥಿಗಳು

ಇಲ್ಲ ಮಾರಾಯ್ರೆ, ಇನ್ನೂ ಕೆಡುತ್ತದೆ. ಕಾಲೇಜು ಫೆಸ್ಟ್ ಹತ್ತಿರ ಬಂದಾಗಲೆಲ್ಲ ನನಗೆ ಬರುವ ಪ್ರಶ್ನೆ ಇದೊಂದೇ. ಎಲ್ಲರೂ ಡ್ರಮ್ ನೋಡುತ್ತಾರೆ, ಚಕ್ರ ನೋಡುವವರಿಲ್ಲ.

ಲೆಕ್ಕ ಹಾಕಿ. 2,000 ಕೆವಿಯನ್ನು 11.1 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 22,000 ಆರ್‌ಪಿಎಂ. ಎರಡು ಹಲ್ಲು ಸೇರಿ ಸೆಕೆಂಡಿಗೆ 740 ಸಲ ಎದುರಾಳಿಯ ಮುಂದೆ ಹಾದು ಹೋಗುತ್ತವೆ. ನಿಮ್ಮ ಚಕ್ರ ಸೆಕೆಂಡಿಗೆ 80 ಸೆಂ.ಮೀ. ಕೂಡ ಓಡುವುದಿಲ್ಲ. ಒಂದು ಹಲ್ಲು ಹೋಗಿ ಇನ್ನೊಂದು ಬರುವಷ್ಟರಲ್ಲಿ ರೋಬೋಟ್ ಮುಂದೆ ಸರಿಯುವುದು 1 ಮಿ.ಮೀ. ಅಷ್ಟೇ. ಹಲ್ಲು ಒಳಗೆ ಹೋಗುವುದೂ ಅಷ್ಟೇ. 3,000 ಕೆವಿ ಹಾಕಿದರೆ ಅದೂ 0.7 ಆಗುತ್ತದೆ.

ನಂಬಿಕೆ ಬಾರದಿದ್ದರೆ ಬ್ಯಾಟರಿ ಕಳಚಿ ಹಲ್ಲನ್ನು ಹತ್ತಿರದಿಂದ ನೋಡಿ. ತುದಿಯ ಅಂಚು ಮಾತ್ರ ಸವೆದು ಹೊಳೆಯುತ್ತಿದ್ದು, ಮುಂದಿನ ಮುಖದಲ್ಲಿ ಪೇಂಟ್ ಹಾಗೇ ಉಳಿದಿದೆ ಅಲ್ವಾ? ಹಾಗಾದರೆ ಅದು ಕಚ್ಚಿಲ್ಲ, ಉಜ್ಜಿದೆ.

ಆರ್‌ಪಿಎಂ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು ಎಂದು ವಿಡಿಯೋ ಪಂಡಿತರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಶಕ್ತಿ ಡ್ರಮ್‌ನಲ್ಲೇ ಉಳಿದರೆ ಎಂತ ಪ್ರಯೋಜನ?

ಮೊದಲು ಚಕ್ರಕ್ಕೆ 1,000 ಆರ್‌ಪಿಎಂ ಮೋಟರ್ ಹಾಕಿ. ಆಗ ಸೆಕೆಂಡಿಗೆ 2.6 ಮೀಟರ್ ಓಡುತ್ತದೆ. ಆಮೇಲೆ ಡ್ರಮ್‌ಗೆ ಬೆಲ್ಟ್ ಹಾಕಿ ವೇಗ ಅರ್ಧ ಮಾಡಿ. ಪೆಟ್ಟು ನೇರವಾಗಿ ಮೋಟರಿಗೆ ಹೋಗುವುದೂ ತಪ್ಪುತ್ತದೆ. ಎರಡು ಹಲ್ಲಿನ ಬದಲು ಒಂದೇ ಇಡಿ. ಕಚ್ಚುವ ಆಳ 14 ಮಿ.ಮೀ. ತನಕ ಹೋಗುತ್ತದೆ. ಆದರೆ ಹಲ್ಲು ಎಷ್ಟು ಚಾಚಿದೆಯೋ ಅದಕ್ಕಿಂತ ಜಾಸ್ತಿ ಕಚ್ಚಲು ಆಗುವುದಿಲ್ಲ. 5 ಮಿ.ಮೀ. ಹಲ್ಲು ಇಟ್ಟುಕೊಂಡು 14ರ ಕನಸು ಬೇಡ. ವೇಗ ಅರ್ಧವಾದಾಗ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಅದೂ ನಿಜ. ಅದಕ್ಕೆ ಡ್ರಮ್‌ನ ತೂಕವನ್ನು ನಡುವಿನಿಂದ ತೆಗೆದು ಹೊರ ಅಂಚಿಗೆ ತನ್ನಿ.

ಒಂದೇ ಹಲ್ಲು ಇಟ್ಟರೆ ಎದುರು ಬದಿಯಲ್ಲಿ ಸರಿದೂಗುವ ತೂಕ ಬೇಕೇ ಬೇಕು. ಬೈಕಂಪಾಡಿಯ ಲೇತ್‌ನವರಿಗೆ ಡ್ರಾಯಿಂಗ್ ಕೊಡುವಾಗಲೇ ಅದನ್ನು ಸೇರಿಸಿ. ಆಮೇಲೆ ವೆಲ್ಡ್ ಮಾಡಿ ನೋಡುವ ಎಂದರೆ ಬೇರಿಂಗ್ ಉಳಿಯುವುದಿಲ್ಲ. ಇನ್ನು, ಹಾಸ್ಟೆಲ್ ವರಾಂಡದಲ್ಲಿ ಡ್ರಮ್ ತಿರುಗಿಸಿದ ವಿಡಿಯೋ ನನಗೆ ಕಳಿಸಬೇಡಿ. ಪಾಲಿಕಾರ್ಬನೇಟ್ ಪೆಟ್ಟಿಗೆಯ ಹೊರಗೆ ಆಯುಧ ತಿರುಗಿಸುವವರಿಗೆ ನಾನು ಉತ್ತರ ಬರೆಯುವುದಿಲ್ಲ.

ಪ್ರಶ್ನೆ: ಆಯುಧವಾಗಿ ಗ್ರೈಂಡರ್‌ನ ಕಟಿಂಗ್ ಡಿಸ್ಕ್ ಹಾಕಬಹುದೇ? – ಕುಂದಾಪುರ

ಬೇಡ. ಬದಿಯಿಂದ ಒಂದು ಪೆಟ್ಟು ಬಿದ್ದರೆ ಚೂರು ಚೂರಾಗಿ ಹಾರುತ್ತದೆ.

ಪ್ರಶ್ನೆ: ರೋಬೋಟ್ ನಿಯಂತ್ರಿಸಲು ಆರ್ಡುಯಿನೊ ಬೋರ್ಡ್ ಯಾವುದು ಒಳ್ಳೆಯದು? – ಕಾರ್ಕಳ

ಯಾವುದೂ ಬೇಡ. ಟ್ರಾನ್ಸ್‌ಮಿಟರ್, ರಿಸೀವರ್, ಮೋಟರ್ ವೇಗ ನಿಯಂತ್ರಿಸುವ ಇಎಸ್‌ಸಿ ಸಾಕು.

ಪ್ರಶ್ನೆ: ಆ್ಯಂಟ್‌ವೇಟ್ ವರ್ಗ ಎಂದರೆ ಎಷ್ಟು ಗ್ರಾಂ? – ಮಣಿಪಾಲ

ಬ್ರಿಟನ್‌ನಲ್ಲಿ 150 ಗ್ರಾಂ, ಅಮೆರಿಕದಲ್ಲಿ ಒಂದು ಪೌಂಡ್, ಅಂದರೆ 454. ನೀವು ಹೋಗುವ ಸ್ಪರ್ಧೆಯ ನಿಯಮ ಓದಿ. ಓದದೆ ಕೇಳುವವರೇ ಜಾಸ್ತಿ.

ಪ್ರಶ್ನೆ: ಲಿಪೊ ಉಬ್ಬಿದೆ. ಸೂಜಿ ಚುಚ್ಚಿ ಗಾಳಿ ತೆಗೆದರೆ ಸರಿಯಾಗುತ್ತದೆ ಎಂದು ಅಂಗಡಿಯವರು ಹೇಳಿದರು. – ಉಡುಪಿ

ಆ ಅಂಗಡಿಗೆ ಇನ್ನು ಹೋಗಬೇಡಿ. ಚುಚ್ಚಿದರೆ ಬೆಂಕಿ ಹತ್ತಿಕೊಳ್ಳಬಹುದು. ಫ್ರಿಜ್‌ನಲ್ಲಿಟ್ಟರೂ ಸರಿಯಾಗುವುದಿಲ್ಲ. ಚಾರ್ಜ್ ಮಾಡದೆ, ಮರಳು ತುಂಬಿದ ಬಕೆಟ್‌ನಲ್ಲಿ ಮನೆಯ ಹೊರಗಿಡಿ. ಮಳೆ ಬೀಳದ ಜಾಗದಲ್ಲಿ. ಆಮೇಲೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಹೊಸದನ್ನು ಚಾರ್ಜ್‌ಗೆ ಇಟ್ಟು ಮಲಗಬೇಡಿ.