ಎರಡನೇ ಬ್ಯಾಟರಿ: ನೀವು ಕೇಳಿದ್ದು, ನಾವು ಹೇಳಿದ್ದು

ಕ್ಯಾಂಪರ್ ವ್ಯಾನ್ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ವ್ಯಾನಿನೊಳಗಿನ ಲೈಟು, ಫ್ಯಾನು, ಫ್ರಿಜ್ಜಿಗೆ ಅಂತ ಬೇರೆ ಬ್ಯಾಟರಿ ಹಾಕುವುದು ಹೇಗೆ, ಯಾವುದು ಹಾಕುವುದು? ಇಂಗ್ಲೆಂಡಿನಲ್ಲಿ ಇದಕ್ಕೆ ಲೀಷರ್ ಬ್ಯಾಟರಿ ಅನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಸುಮ್ನೆ ಎರಡನೇ ಬ್ಯಾಟರಿ. ಇಂಜಿನ್ನಿನ ಬ್ಯಾಟರಿಯಿಂದಲೇ ಎಲ್ಲ ನಡೆಸಿದರೆ ಆಗಲ್ವಾ ಅಂತ ಕೇಳಿದವರಿಗೆ ಇಲ್ಲೇ ಉತ್ತರ: ಆಗಲ್ಲ. ಅದರ ಪ್ಲೇಟುಗಳು ತೆಳ್ಳಗಿರುತ್ತವೆ. ಎರಡು ಸೆಕೆಂಡು ಭಾರಿ ಕರೆಂಟು ಕೊಟ್ಟು ಸುಮ್ಮನಾಗಲಿ ಅಂತ ಮಾಡಿದ ಬ್ಯಾಟರಿ ಅದು. ರಾತ್ರಿಯಿಡೀ ಹಿಂಡಿದರೆ ಕೆಲವೇ ವಾರದಲ್ಲಿ ಸಾಯುತ್ತದೆ, ಅದೂ ಮನೆಯಿಂದ ದೂರ ಇದ್ದಾಗಲೇ.

ಪ್ರಶ್ನೆ: ನಮಸ್ಕಾರ್ರಿ ಸರ್. ಸೆಕೆಂಡ್ ಹ್ಯಾಂಡ್ ಟಿಟಿ (ಟೆಂಪೋ ಟ್ರಾವೆಲರ್) ತಗೊಂಡು ಕ್ಯಾಂಪರ್ ಮಾಡಿಸ್ತಾ ಇದ್ದೀವಿ. ನಾವು ನಾಲ್ಕು ಜನ. ಮನೆಯಲ್ಲಿ ಇನ್ವರ್ಟರಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿ ಸುಮ್ನೆ ಕೂತಿದೆ. ಅದನ್ನೇ ಹಾಕಬಹುದಾ? — ಹುಬ್ಬಳ್ಳಿಯ ಓದುಗರು

ಬೇಡ್ರಿ. ದುಡ್ಡು ಉಳಿಸುವ ಆಸೆ ಅರ್ಥವಾಗುತ್ತದೆ, ಆದರೆ ಇದು ಮನೆಯ ಮೂಲೆಯಲ್ಲಿ ಅಲ್ಲಾಡದೆ ಕೂರುವ ಬ್ಯಾಟರಿ. ಆ್ಯಸಿಡ್ ಸೇರಿ 50 ಕಿಲೋ ದಾಟುತ್ತದೆ. ಅರಬೈಲ್ ಘಾಟಿಯ ತಿರುವಿನಲ್ಲಿ ಒಳಗಿನ ಆ್ಯಸಿಡ್ ಕುಲುಕಾಡಿ ಮುಚ್ಚಳದ ಸಂದಿಯಿಂದ ಹೊರಗೆ ಬರುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಹೊತ್ತಿಕೊಳ್ಳುವ ಗಾಳಿ. ನೀವು ನಾಲ್ಕು ಜನ ಕಿಟಕಿ ಮುಚ್ಚಿ ಮಲಗುವ ಜಾಗದಲ್ಲಿ ಅದು ಇರಬಾರದು.

ಇಂಥ ಒಂದು ಗಾಡಿಯನ್ನು ನಾನೇ ನೋಡಿದ್ದೇನೆ. ಸೀಟಿನ ಕೆಳಗಿನ ರೆಕ್ಸಿನ್ ಅಂಟಂಟಾಗಿತ್ತು. ಪಕ್ಕದ ಬೋಲ್ಟಿನ ತಲೆ ತುಕ್ಕು ಹಿಡಿದು ಪುಡಿ ಉದುರುತ್ತಿತ್ತು. ಮಂಡಿಯೂರಿ ಬಗ್ಗಿ ನೋಡಿ ಎದ್ದು ಬಂದೆ, ಆಗ ಏನೂ ಗೊತ್ತಾಗಲಿಲ್ಲ. ಒಗೆದ ಮೇಲೆ ಪ್ಯಾಂಟಿನ ಮೊಣಕಾಲಿನಲ್ಲಿ ಜರಡಿ ಹಾಗೆ ತೂತು!

ಈಗ ಬ್ಯಾಟರಿ ಮರೆತು ಒಂದು ಚೀಟಿ ತೆಗೆದುಕೊಳ್ಳಿ. ದಿನಕ್ಕೆ ಎಷ್ಟು ಎಎಚ್ ಖರ್ಚು ಅಂತ ಬರೆಯಿರಿ. ಎಎಚ್ ಅಂದರೆ ಆಂಪಿಯರ್ ಇಂಟು ಗಂಟೆ, ಅಷ್ಟೇ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 45 ವ್ಯಾಟ್ ತಿನ್ನುತ್ತದೆ, ಆದರೆ ಆಗಾಗ ನಿಲ್ಲುವುದರಿಂದ 24 ಗಂಟೆಗೆ 35ರಿಂದ 40 ಎಎಚ್ ಹಿಡಿಯಿರಿ. 12 ವೋಲ್ಟಿನ ಎರಡು ಫ್ಯಾನು, ತಲಾ 2 ಆಂಪಿಯರ್, 8 ಗಂಟೆ: 32. ಎಲ್‌ಇಡಿ ಲೈಟಿಗೆ 5. ನಾಲ್ಕು ಮೊಬೈಲಿಗೆ 5 ಅಥವಾ 6. ಒಟ್ಟು 80ರ ಆಸುಪಾಸು. ಸೀಸದ ಬ್ಯಾಟರಿ ಯಾವುದೇ ಇರಲಿ, ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿಸಿದಷ್ಟೂ ಆಯುಸ್ಸು ಕಡಿಮೆ. ಹಾಗಾಗಿ ನಿಮಗೆ ಎಜಿಎಂ (ಆ್ಯಸಿಡ್ ಚೆಲ್ಲದ ಸೀಲ್ ಮಾಡಿದ ಸೀಸದ ಬ್ಯಾಟರಿ) ಆದರೆ 160 ಎಎಚ್ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 100 ಸಾಕು, ಅದನ್ನು 80-90 ಪರ್ಸೆಂಟ್ ಖಾಲಿ ಮಾಡಿದರೂ ತೊಂದರೆ ಇಲ್ಲ.

ಚೀಟಿಯ ಇನ್ನೊಂದು ಬದಿಯಲ್ಲಿ ಜಮಾ ಬರೆಯಿರಿ. ಇದನ್ನು ಯಾರೂ ಬರೆಯುವುದಿಲ್ಲ, ಎಲ್ಲರೂ ಎಷ್ಟು ಎಎಚ್ ತಗೊಳ್ಳಲಿ ಅಂತಲೇ ಕೇಳುತ್ತಾರೆ. ಇವತ್ತು ಖರ್ಚಾದ 80 ನಾಳೆ ಎಲ್ಲಿಂದ ವಾಪಸ್ ಬರುತ್ತದೆ? ಗಾಡಿ ಓಡುವಾಗ ಇಂಜಿನ್ ಕಡೆಯಿಂದ ತುಂಬಿಸುವ 30 ಆಂಪಿಯರ್ ಚಾರ್ಜರ್ ಇದ್ದರೆ ಹುಬ್ಬಳ್ಳಿಯಿಂದ ಗೋಕರ್ಣ ಮುಟ್ಟುವ ಮೂರು ಗಂಟೆಯಲ್ಲಿ ಸುಮಾರು 90 ಬಂತು. ಆದರೆ ಗೋಕರ್ಣದಲ್ಲಿ ಮೂರು ದಿನ ಗಾಡಿ ಕದಲಿಸದೆ ಕೂತರೆ? ಆಗ 200 ಎಎಚ್ ಇದ್ದರೂ ಮೂರನೇ ದಿನ ಫ್ರಿಜ್ ಆಫ್. ಬ್ಯಾಟರಿ ದೊಡ್ಡದು ಮಾಡುವುದಕ್ಕಿಂತ ತುಂಬಿಸುವ ದಾರಿ ಹುಡುಕುವುದು ಒಳ್ಳೆಯದು.

ಪ್ರಶ್ನೆ: ಎಸ್‌ಪಿ ರೋಡಿನಲ್ಲಿ 12 ವೋಲ್ಟ್ 100 ಎಎಚ್ ಲಿಥಿಯಂ ಪ್ಯಾಕ್ ಅಲ್ಲೇ ಜೋಡಿಸಿ ಕೊಡುತ್ತಾರಂತೆ, ಕಂಪನಿ ಮಾಲಿಗಿಂತ ರೇಟು ತುಂಬಾ ಕಡಿಮೆ. ನಂಬಬಹುದಾ? ಇಂಡಕ್ಷನ್ ಒಲೆ ಕೂಡ ನಡೆಸುವ ಆಸೆ ಇದೆ. — ಬೆಂಗಳೂರಿನ ಓದುಗರು

ನಂಬುವುದು ಬಿಡುವುದು ಆಮೇಲೆ, ಮೊದಲು ತೂಗಿ ನೋಡಿ. 100 ಎಎಚ್‌ನ ಒಳ್ಳೆ ಐರನ್ ಫಾಸ್ಫೇಟ್ ಪ್ಯಾಕ್ 10ರಿಂದ 13 ಕಿಲೋ ಇರುತ್ತದೆ. ಒಂದೊಂದು ಸೆಲ್ಲೇ ಹತ್ತಿರ ಹತ್ತಿರ 2 ಕಿಲೋ, ಅಂಥವು ನಾಲ್ಕು. 6 ಕಿಲೋದ ಪೆಟ್ಟಿಗೆ ತೋರಿಸಿ 100 ಎಎಚ್ ಅಂದರೆ ಟೀ ಕುಡಿದು ವಾಪಸ್ ಬನ್ನಿ. ಎರಡನೆಯದು, ಅದು ಐರನ್ ಫಾಸ್ಫೇಟೇ ಹೌದಾ ಅಂತ ಕೇಳಿ. 3.2 ವೋಲ್ಟಿನ ನಾಲ್ಕು ಸೆಲ್ ಸೇರಿ 12.8 ಆಗಬೇಕು. ಬೇರೆ ಜಾತಿಯ ಲಿಥಿಯಂ ಸೆಲ್‌ಗಳ ಲೆಕ್ಕ 11.1 ಅಥವಾ 14.8ಕ್ಕೆ ಹೋಗುತ್ತದೆ, ಗಾಡಿಗೆ ಹೊಂದುವುದಿಲ್ಲ. ಜೊತೆಗೆ, ಬಿಸಿಯಾದಾಗ ಐರನ್ ಫಾಸ್ಫೇಟಿನಷ್ಟು ಶಾಂತ ಸ್ವಭಾವವೂ ಅವಕ್ಕಿಲ್ಲ. ಮೂರನೆಯದು ಒಳಗಿನ ಬಿಎಂಎಸ್, ಅಂದರೆ ಮಿತಿ ಮೀರಿದರೆ ಬ್ಯಾಟರಿಯನ್ನು ಆಫ್ ಮಾಡುವ ಕಾವಲು ಸರ್ಕ್ಯೂಟ್, ಎಷ್ಟು ಆಂಪಿಯರಿನದು ಅನ್ನುವುದು.

ಕೊಂಡ ಮೇಲೆ ಒಂದು ಪರೀಕ್ಷೆ ಮಾಡಿ, ಖರ್ಚು ಏನಿಲ್ಲ. ಹೆಡ್‌ಲೈಟಿನ ಹಳೇ 55 ವ್ಯಾಟ್ ಬಲ್ಬನ್ನು ಇಟ್ಟಿಗೆ ಮೇಲಿಟ್ಟು ತುಂಬಿದ ಬ್ಯಾಟರಿಗೆ ಕೊಡಿ, ಗಂಟೆ ನೋಡಿಕೊಳ್ಳಿ. ಅದು ಸುಮಾರು 5 ಆಂಪಿಯರ್ ಎಳೆಯುತ್ತದೆ. 100 ಎಎಚ್ ನಿಜವೇ ಆದರೆ 20 ಗಂಟೆಯ ಹತ್ತಿರ ಉರಿಯಬೇಕು. 12 ಗಂಟೆಗೇ ಆರಿತಾ? ಹಾಗಾದರೆ ನೀವು ದುಡ್ಡು ಕೊಟ್ಟಿದ್ದು ಸ್ಟಿಕ್ಕರಿಗೆ. ಬಲ್ಬ್ ಸಿಕ್ಕಾಪಟ್ಟೆ ಬಿಸಿಯಾಗುತ್ತದೆ, ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಳ್ಳಿ.

ಇಂಡಕ್ಷನ್ ಒಲೆಯ ಆಸೆ ಬಿಡಿ ಅಂತ ಹೇಳಿದರೆ ಬೇಜಾರಾಗಬೇಡಿ. 1500 ವ್ಯಾಟ್ ಅಂದರೆ 12 ವೋಲ್ಟಿನ ಕಡೆ 130 ಆಂಪಿಯರಿಗೂ ಜಾಸ್ತಿ. ಅಷ್ಟು ಕರೆಂಟಿಗೆ ಹೆಬ್ಬೆರಳಿನಷ್ಟು ದಪ್ಪ ಕೇಬಲ್ ಬೇಕು, 100 ಆಂಪಿಯರಿನ ಬಿಎಂಎಸ್ ಇದ್ದರೆ ಅನ್ನಕ್ಕೆ ನೀರು ಕುದಿಯುವ ಮೊದಲೇ ಎಲ್ಲ ಆಫ್ ಆಗಿ ಕತ್ತಲೆ.

ಪ್ರಶ್ನೆ: ನನ್ನ ಬಿಎಸ್6 ವ್ಯಾನಿಗೆ ರಿಲೇ ಹಾಕಿ ಎರಡನೇ ಬ್ಯಾಟರಿ ಜೋಡಿಸಿಕೊಟ್ಟರು. ಮೈಸೂರಿನಿಂದ ಊಟಿಗೆ ಹೋದರೂ ಅದು ಅರ್ಧ ಕೂಡ ತುಂಬುವುದಿಲ್ಲ. ಬ್ಯಾಟರಿಯದ್ದೇ ದೋಷವಾ? — ಮೈಸೂರಿನ ಓದುಗರು

ಬ್ಯಾಟರಿ ಪಾಪ ಏನೂ ಮಾಡಿಲ್ಲ. ಹಳೇ ಗಾಡಿಗಳಲ್ಲಿ ಇಂಜಿನ್ ತಿರುಗಿಸಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಸದಾ 14 ವೋಲ್ಟಿನ ಆಸುಪಾಸು ಕೊಡುತ್ತಿತ್ತು, ಇಂಜಿನ್ ಓಡುವಾಗ ಎರಡು ಬ್ಯಾಟರಿಗಳನ್ನು ಸೇರಿಸುವ ಸ್ವಿಚ್ಚು, ಅಂದರೆ ರಿಲೇ, ಸಾಕಾಗುತ್ತಿತ್ತು. ಈಗಿನ ಬಹಳಷ್ಟು ಗಾಡಿಗಳಲ್ಲಿ ಡೀಸೆಲ್ ಉಳಿಸಲಿಕ್ಕೆ ಕಂಪ್ಯೂಟರೇ ಆಲ್ಟರ್ನೇಟರನ್ನು ಏರಿಸಿ ಇಳಿಸಿ ಮಾಡುತ್ತದೆ. ಇಂಜಿನ್ ಬ್ಯಾಟರಿ ತುಂಬಿತು ಅನ್ನಿಸಿದರೆ 12.5ರ ಹತ್ತಿರಕ್ಕೂ ಇಳಿಸುತ್ತದೆ. ಆಗ ರಿಲೇ ಬಿಟ್ಟುಕೊಳ್ಳುತ್ತದೆ, ಇಲ್ಲವೇ ಹಿಡಿದುಕೊಂಡಿದ್ದರೂ ತುಂಬುವಷ್ಟು ವೋಲ್ಟೇಜ್ ಇರುವುದಿಲ್ಲ. ಮೀಟರ್ ಹಿಡಿದು ಒಂದು ಸಲ ಓಡಿಸಿ ನೋಡಿ, ಇಳಿಜಾರಿನಲ್ಲಿ ಕಾಲು ತೆಗೆದಾಗ ವೋಲ್ಟೇಜ್ ಏರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಬೀಳುತ್ತದೆ.

ರಿಲೇ ತೆಗೆಸಿ ಡಿಸಿ ಟು ಡಿಸಿ ಚಾರ್ಜರ್ ಹಾಕಿಸಿ. ಒಳಗೆ ಬಂದಿದ್ದು 12.5 ಆದರೂ ಹೊರಗೆ ಬ್ಯಾಟರಿಗೆ ಬೇಕಾದ 14.4 ಕೊಡುವುದು ಅದರ ಕೆಲಸ. ಅದಕ್ಕೆ ಇಗ್ನಿಷನ್ ವೈರ್ ಕೂಡ ಕೊಡಬೇಕು, ಇಲ್ಲದಿದ್ದರೆ ಗಾಡಿ ನಿಂತಾಗಲೂ ಇಂಜಿನ್ ಬ್ಯಾಟರಿಯನ್ನು ಹೀರುತ್ತಾ ಕೂರಬಹುದು. ಮುಂದೆ ಲಿಥಿಯಂ ಹಾಕುವುದಾದರಂತೂ ಇದು ಬೇಕೇ ಬೇಕು. ಲಿಥಿಯಂ ಕೊಟ್ಟಷ್ಟೂ ಕರೆಂಟ್ ನುಂಗುತ್ತದೆ, ಸಿಗ್ನಲ್ಲಿನಲ್ಲಿ ಐಡ್ಲಿಂಗಿನಲ್ಲಿ ನಿಂತಾಗ ಗಾಳಿ ಸಾಲದೆ ಆಲ್ಟರ್ನೇಟರ್ ಸುಟ್ಟುಹೋಗಬಹುದು. ಚಾರ್ಜರ್ 20 ಅಥವಾ 30 ಆಂಪಿಯರಿಗೆ ಲಗಾಮು ಹಾಕುತ್ತದೆ.

ಪ್ರಶ್ನೆ: ಇಲೆಕ್ಟ್ರಿಕ್ ಕೆಲಸ ಸ್ವಲ್ಪ ಬರುತ್ತದೆ. ನಾನೇ ಫಿಟ್ ಮಾಡಬಹುದಾ? ಯಾವ ವೈರ್ ಹಾಕಲಿ? — ಶಿರಸಿಯ ಓದುಗರು

ಮಾಡಬಹುದು, ಫ್ಯೂಸ್ ಹಾಕುವುದಾದರೆ. ನನ್ನ ಕತೆ ಕೇಳಿ. ಹಳೇ ಓಮ್ನಿಗೆ ನಾನೇ ಎರಡನೇ ಬ್ಯಾಟರಿ ಹಾಕಿದ್ದೆ, ಫ್ಯೂಸ್ ನಾಳೆ ಹಾಕೋಣ ಅಂತ ಬಿಟ್ಟಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುತ್ತಿದ್ದೆವು. "ಅಪ್ಪಾ, ಏನೋ ಸುಟ್ಟ ವಾಸನೆ" ಅಂದಳು ಮಗಳು. ಬ್ರೇಕ್ ಬಿಸಿಯಾಗಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಹಿಂದಿನ ಸೀಟಿನ ಕೆಳಗಿಂದ ಬಿಳೀ ಹೊಗೆ. ಸೀಟಿನ ಹಳಿ ವೈರನ್ನು ಉಜ್ಜಿ ಉಜ್ಜಿ ತಾಮ್ರ ಬಾಡಿಗೆ ತಾಗಿತ್ತು, ಒಂದು ಗೇಣು ವೈರ್ ಕೆಂಡದ ಹಾಗೆ ಕೆಂಪಗಿತ್ತು. ಡ್ಯಾಶ್‌ಬೋರ್ಡಿನಲ್ಲಿ 10 ನಂಬರ್ ಸ್ಪ್ಯಾನರ್ ಇದ್ದುದರಿಂದ ನೆಗೆಟಿವ್ ಬಿಚ್ಚಿದೆ, ಗಾಡಿ ಉಳಿಯಿತು. ಫ್ಯೂಸ್ ಇದ್ದಿದ್ದರೆ ಟಪ್ ಅಂತ ಹಾರಿ ಅಲ್ಲಿಗೆ ಮುಗಿಯುತ್ತಿತ್ತು.

ಫ್ಯೂಸ್ ಇರುವುದು ಫ್ರಿಜ್ ಕಾಯಲಿಕ್ಕಲ್ಲ, ವೈರ್ ಕಾಯಲಿಕ್ಕೆ. ಹಾಗಾಗಿ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಚಾರ್ಜಿಂಗ್ ವೈರಿನ ಒಂದು ತುದಿ ಇಂಜಿನ್ ಬ್ಯಾಟರಿ, ಇನ್ನೊಂದು ತುದಿ ಎರಡನೇ ಬ್ಯಾಟರಿ, ಎರಡೂ ಕಡೆಯಿಂದ ಕರೆಂಟ್ ಬರಬಹುದು, ಆದ್ದರಿಂದ ಎರಡೂ ತುದಿಗೆ ಫ್ಯೂಸ್. 30 ಆಂಪಿಯರ್ ಚಾರ್ಜರಿಗೆ 40 ಆಂಪಿಯರ್ ಫ್ಯೂಸ್ ಸಾಮಾನ್ಯ, ಆದರೂ ಚಾರ್ಜರಿನ ಪುಸ್ತಕದಲ್ಲಿ ಬರೆದಿದ್ದನ್ನೇ ಹಾಕಿ.

ವೈರ್ ದಪ್ಪ ಇರಲಿ. ಮುಂದಿನಿಂದ ಹಿಂದಕ್ಕೆ 5 ಮೀಟರ್, ವಾಪಸ್ 5 ಮೀಟರ್ ಅಂದುಕೊಳ್ಳಿ. 30 ಆಂಪಿಯರ್ ಹರಿದರೆ 6 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಮುಕ್ಕಾಲು ವೋಲ್ಟಿಗೂ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. 16 ಸ್ಕ್ವೇರಿನಲ್ಲಿ ಮೂರನೇ ಒಂದು ವೋಲ್ಟ್ ಮಾತ್ರ. ಮನೆ ವೈರಿಂಗಿನ ಗಟ್ಟಿ ಎಳೆಯ ವೈರ್ ಬೇಡ, ಗಾಡಿ ಅಲುಗಿ ಅಲುಗಿ ಮುರಿಯುತ್ತದೆ. ಸಣ್ಣ ಎಳೆಗಳ ಬಗ್ಗುವ ವೈರ್ ತನ್ನಿ. ವೈರಿನ ತುದಿಗೆ ಹಾಕುವ ಲಗ್ಗನ್ನು ಸುತ್ತಿಗೆಯಿಂದ ಬಡಿಯಬೇಡಿ, ಕ್ರಿಂಪಿಂಗ್ ಟೂಲ್ ಇರುವ ಅಂಗಡಿಯಲ್ಲಿ ಒತ್ತಿಸಿ. ಬಾಡಿ ಅರ್ಥ್ ಕೊಡುವ ಕಡೆ ಪೇಂಟ್ ಕೆರೆದು ಲೋಹ ಕಾಣಿಸಬೇಕು, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ಬ್ಯಾಟರಿಯನ್ನು ಕಬ್ಬಿಣದ ಪಟ್ಟಿ ಹಾಕಿ ಫ್ಲೋರಿಗೆ ಬೋಲ್ಟ್ ಮಾಡಿ. ಹಗ್ಗ, ರಬ್ಬರ್ ಬೆಲ್ಟ್ ಲೆಕ್ಕಕ್ಕಿಲ್ಲ. ಜೋರು ಬ್ರೇಕ್ ಹಾಕಿದರೆ ಸಡಿಲ ಬ್ಯಾಟರಿ ನಿಮ್ಮ ಬೆನ್ನಿಗೇ ಬರುವುದು. ಎಜಿಎಂ ಆದರೂ ಓವರ್‌ಚಾರ್ಜ್ ಆದಾಗ ಗ್ಯಾಸ್ ಬಿಡಬಹುದು, ಡಬ್ಬಿಯಿಂದ ಹೊರಕ್ಕೆ ಗಾಳಿಗೆ ದಾರಿ ಇರಲಿ. ಕೆಲಸಕ್ಕೆ ಕೂರುವ ಮೊದಲು ಉಂಗುರ, ವಾಚು, ಬಳೆ ತೆಗೆಯಿರಿ. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಹಾಗೆ ಮಾಡಿದರೆ ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ, ಈಚೆಗೆ ಹಳೇ ಕ್ಯಾಂಪರ್ ಕೊಂಡೆವು. ಇಲ್ಲಿ ಬ್ಯಾಟರಿ ಮೇಲೆ ಎ, ಬಿ, ಸಿ ಅಂತ ಬರೆದಿರುತ್ತದೆ. ಯಾವುದು ನಮಗೆ? ಚಳಿಗಾಲದಲ್ಲಿ ಸ್ಕಾಟ್ಲೆಂಡಿಗೆ ಹೋಗುವವರಿದ್ದೇವೆ. — ಮಿಲ್ಟನ್ ಕೀನ್ಸ್‌ನ ಕನ್ನಡ ಕುಟುಂಬ

ಅದು ಅಲ್ಲಿನ ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್ ಪರೀಕ್ಷೆ ಮಾಡಿಸಿ ಕೊಡುವ ದರ್ಜೆ. ಕರೆಂಟಿನ ಪಾಯಿಂಟ್ ಇಲ್ಲದ ಕಡೆ ಹೆಚ್ಚು ಉಳಿಯುವವರಿಗೆ ಎ. ಪಾಯಿಂಟ್ ಇರುವ ಸೈಟಿಗೇ ಹೋದರೂ ಕ್ಯಾರವಾನ್ ಸರಿಸುವ ಮೋಟಾರಿನಂಥ ಭಾರ ಇರುವವರಿಗೆ ಬಿ. ಸುಮ್ನೆ ಲೈಟು, ಪಂಪು ಇಷ್ಟೇ ಇದ್ದರೆ ಸಿ. ಲೀಷರ್ ಅಂತ ಸ್ಟಿಕ್ಕರ್ ಅಂಟಿಸಿದ್ದೆಲ್ಲ ಒಳಗೂ ಹಾಗೇ ಇರುವುದಿಲ್ಲ, ಅದಕ್ಕೇ ಈ ದರ್ಜೆ ನೋಡಿ ಕೊಳ್ಳುವುದು ಒಳ್ಳೆಯದು. ನೀವು ರಾತ್ರಿ ಹುಕ್-ಅಪ್ (ಕರೆಂಟಿನ ಪಾಯಿಂಟ್) ಇರುವ ಸೈಟಿನಲ್ಲೇ ಉಳಿಯುವುದಾದರೆ ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯಬೇಡಿ.

ಚಳಿಯ ಮಾತು ಬೇರೆ. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಒಳಗೆ ಲಿಥಿಯಂ ಲೋಹವಾಗಿ ಅಂಟಿಕೊಂಡು ಸೆಲ್ ಶಾಶ್ವತವಾಗಿ ಕೆಡುತ್ತದೆ. ಬಳಸಲಿಕ್ಕೆ ಅಡ್ಡಿ ಇಲ್ಲ, ತುಂಬಿಸಲಿಕ್ಕೆ ಮಾತ್ರ. ತಣ್ಣಗಾದಾಗ ಚಾರ್ಜ್ ನಿಲ್ಲಿಸುವ ಬಿಎಂಎಸ್ ಇದೆಯಾ ಕೇಳಿ, ಬ್ಯಾಟರಿಯನ್ನು ಗಾಡಿಯ ಕೆಳಗೆ ತೂಗುಹಾಕದೆ ಒಳಗೇ ಇಡಿ. ಬೈಕು, ವ್ಯಾನು ತಗೊಂಡು ಲಡಾಖಿಗೆ ಹೊರಟ ನಮ್ಮೂರಿನವರಿಗೂ ಇದೇ ಮಾತು.

ಪ್ರಶ್ನೆ: ಮೇಲೆ 100 ವ್ಯಾಟ್ ಸೋಲಾರ್ ಹಾಕಿದರೆ ಸಾಕಾ? — ತೀರ್ಥಹಳ್ಳಿಯ ಓದುಗರು

ಬರೀ ಲೈಟು, ಮೊಬೈಲು, ಒಂದು ಫ್ಯಾನಿಗಾದರೆ ಫೆಬ್ರವರಿಯಲ್ಲಿ ಸಾಕು. ಚಪ್ಪಟೆಯಾಗಿ ಮಲಗಿಸಿದ 100 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ 25ರಿಂದ 30 ಎಎಚ್ ಕೊಡುತ್ತದೆ. ಜುಲೈಯಲ್ಲಿ ನಿಮ್ಮೂರಲ್ಲಿ ಬಿಸಿಲು ಎಲ್ಲಿದೆ ಹೇಳಿ? ಜೊತೆಗೆ ನೀವು ಗಾಡಿ ನಿಲ್ಲಿಸುವುದು ಮರದ ನೆರಳಲ್ಲೇ ಅಲ್ವಾ! ಬಿಡಿಸಿ ಬಿಸಿಲಿಗೆ ಇಡಬಹುದಾದ ಪ್ಯಾನೆಲ್ ತಗೊಳ್ಳಿ, ಮಳೆಗಾಲಕ್ಕೆ ಇಂಜಿನ್ ಚಾರ್ಜನ್ನೇ ನಂಬಿ.

ಪ್ರಶ್ನೆ: ಮೂರು ತಿಂಗಳು ಗಾಡಿ ತೆಗೆಯುವುದಿಲ್ಲ. ಬ್ಯಾಟರಿ ಬಿಚ್ಚಿ ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿದು ಹೋಗುತ್ತದಂತೆ, ನಿಜವಾ? — ಕಲಬುರಗಿಯ ಓದುಗರು

ಸುಳ್ಳು. ಈಗಿನ ಪ್ಲಾಸ್ಟಿಕ್ ಡಬ್ಬಿಯಿಂದ ನೆಲಕ್ಕೆ ಏನೂ ಇಳಿಯುವುದಿಲ್ಲ. ನಿಮ್ಮೂರಿನ ಬೇಸಿಗೆಯಲ್ಲಿ ತಣ್ಣಗಿನ ನೆಲ ಒಳ್ಳೆಯದೇ, ಬಿಸಿಲಿನ ಗಾಡಿಯೊಳಗೆ ಬಿಟ್ಟರೆ ಸೀಸದ ಬ್ಯಾಟರಿಯ ಆಯುಸ್ಸು ಬೇಗ ತೀರುತ್ತದೆ. ಸೀಸದ್ದಾದರೆ ಪೂರ್ತಿ ತುಂಬಿಸಿ ಇಡಿ, ತಿಂಗಳಿಗೊಮ್ಮೆ ಮೀಟರ್ ಹಿಡಿದು 12.5ಕ್ಕಿಂತ ಕೆಳಗೆ ಬಂದಿದ್ದರೆ ಮತ್ತೆ ಚಾರ್ಜ್ ಮಾಡಿ. ಲಿಥಿಯಂ ಆದರೆ ಅರ್ಧಕ್ಕೆ ಬಿಟ್ಟು ನೆಗೆಟಿವ್ ಬಿಚ್ಚಿ. ಅದರ ವೋಲ್ಟೇಜ್ ನೋಡಿ ಎಷ್ಟಿದೆ ಅಂತ ಹೇಳಲಿಕ್ಕೆ ಬರುವುದಿಲ್ಲ, 90 ಪರ್ಸೆಂಟಿನಲ್ಲೂ 40ರಲ್ಲೂ ಮೀಟರ್ ಹೆಚ್ಚುಕಡಿಮೆ 13ರ ಮೇಲೇ ತೋರಿಸುತ್ತದೆ. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಅಳೆಯುವ ಶಂಟ್ ಇರುವ ಬ್ಯಾಟರಿ ಮಾನಿಟರ್ ಹಾಕಿಸಿಕೊಂಡರೆ ಮಾತ್ರ ಅರ್ಧ ಯಾವುದು ಅಂತ ಗೊತ್ತಾಗುವುದು.