ಶೆನ್‌ಜೆನ್‌ಗೆ ಬರ್ತಿರೋ ತಂಗಿಗೆ, ನೆಗಡಿ ಔಷಧಿ ವಿಷಯ

"ಅಕ್ಕಾ, ನಮ್ಮನೆಯವರಿಗೆ ಚೀನಾದ ಶೆನ್‌ಜೆನ್‌ನಲ್ಲಿ ಕೆಲಸ ಆಗಿದೆ, ನಾಲ್ಕು ವರ್ಷದ ಮಗನ್ನ ಕರ್ಕೊಂಡು ನಾನೂ ಬರ್ತಿದೀನಿ, ನೆಗಡಿ ಆದ್ರೆ ಅಲ್ಲಿನ ಗಿಡಮೂಲಿಕೆ ಔಷಧಿ ತಗೋಬಹುದಾ, ಬೇಳೆಕಾಳು ಸಿಗುತ್ತಾ, ಚಳಿ ಹೇಗೆ" ಅಂತ ಕೇಳಿದ್ಯಲ್ಲ. ಬೇಳೆಕಾಳು ಆನ್‌ಲೈನ್‌ನಲ್ಲಿ ಸಿಗುತ್ತೆ ಬಿಡು. ಚಳಿಗೆ ಮಾತ್ರ ರೆಡಿಯಾಗಿ ಬಾ, ಈ ಕಡೆ ಮನೇಲಿ ಹೀಟರ್ ಇರಲ್ಲ, ಜನವರೀಲಿ ಹತ್ತು ಡಿಗ್ರಿಗೆ ಇಳಿದ್ರೆ ಟೈಲ್ಸ್ ಮೇಲೆ ಬರಿಗಾಲು ಇಡಕ್ಕಾಗಲ್ಲ, ಮಾರ್ಚ್‌ನಲ್ಲಿ ಗೋಡೆನೇ ಬೆವರುತ್ತೆ.

ನಾನು ಬಂದ ಹೊಸದ್ರಲ್ಲಿ ಮೂಗು ಕಟ್ಕೊಂಡು ಮಲಗಿದ್ದಾಗ ಕೆಳಗಿನ ಮನೆ ಆಂಟಿ ಬಂದು ಮೊದಲು ನಾಲಿಗೆ ತೋರ್ಸು ಅಂದ್ರು, ಆಮೇಲೆ ಸಿಂಬಳ ನೀರಾಗಿದ್ಯಾ ಹಳದಿಯಾ ಅಂತ ಕೇಳಿದ್ರು! ಇವರ ಲೆಕ್ಕ ಹಿಂಗೆ, ನೀರಾಗಿ ಸುರಿದು ಮೈ ನಡುಗ್ತಿದ್ರೆ ಶೀತದ ನೆಗಡಿ, ಅದಕ್ಕೆ ಶುಂಠಿ, ದಾಲ್ಚಿನ್ನಿ ಗಿಡದ ಎಳೇ ಕಡ್ಡಿ, ಗಂಟಲು ಉರಿದು ಸಿಂಬಳ ಹಳದಿಯಾಗಿದ್ರೆ ಉಷ್ಣದ್ದು, ಅದಕ್ಕೆ ಯಿನ್‌ಚಿಯಾವ್ ಅಂತ ಹೂವು ಕಾಯಿ ಸೇರಿಸಿದ್ದು. ನಮ್ಮ ಕಡೆಯೋರಿಗೆ ಇದೇನು ಹೊಸದಾ ಹೇಳು. ಆಂಟಿ ನಂಗೆ ಶುಂಠಿ ಚೂರು ಹಾಕಿ ಕೋಕಾ ಕೋಲಾನ ಪಾತ್ರೇಲಿ ಕುದಿಸಿ ಕೊಟ್ರು, ಕಷಾಯ ಕುಡಿದು ಬೆಳೆದೋಳಿಗೆ ಅದು ಪಾನಕ. ಚಾಂಗ್ ಚುಂಗ್‌ಚಿಂಗ್ ಅನ್ನೋ ವೈದ್ಯ ಸುಮಾರು 1800 ವರ್ಷದ ಹಿಂದೆನೇ ದಾಲ್ಚಿನ್ನಿ ಕಡ್ಡಿ ಕಷಾಯ ಕುಡಿದ ಮೇಲೆ ಬಿಸಿ ತೆಳು ಗಂಜಿ ಕುಡಿದು ಹೊದ್ದು ಮಲಗಿ, ಸ್ವಲ್ಪ ಬೆವರಲಿ ಅಂತ ಬರೆದಿದಾನೆ, ನಮ್ಮಜ್ಜಿಗೆ ಹೇಳಿದ್ರೆ ನಮ್ದೇ ಕದ್ದಿದಾರೆ ಅಂತಿದ್ರು.

ವಾಸಿ ಆಗುತ್ತಾ ಅಂದ್ರೆ, ನೆಗಡಿ ವಾರ ಹತ್ತು ದಿನಕ್ಕೆ ತಾನೇ ಹೋಗುತ್ತೆ. ಔಷಧಿ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡೋ ಕಾಕ್ರೇನ್ ಅನ್ನೋ ಸಂಸ್ಥೆಯ 2007ರ ವರದೀಲಿ ಈ ಔಷಧಿಗಳ ಮೇಲಿನ ಪ್ರಯೋಗಗಳ ಗುಣಮಟ್ಟ ಸಾಲದು, ಹಾಗಾಗಿ ಇಂಥದ್ದು ತಗೊಳ್ಳಿ ಅನ್ನಕ್ಕಾಗಲ್ಲ ಅಂತಿದೆ.

ಆದ್ರೆ ಇದೊಂದು ಸರಿಯಾಗಿ ಕೇಳು. ಮೆಡಿಕಲ್ ಶಾಪ್‌ನಲ್ಲಿ ನೆಗಡಿಗೆ ಅಂದ ತಕ್ಷಣ ಬಿಸಿನೀರಿಗೆ ಕಲಸೋ ಪುಡಿ ಸ್ಯಾಷೆ ಕೊಡ್ತಾರೆ, ಗನ್‌ಮಾವ್‌ಲಿಂಗ್ ಅಂತ, ಎಲ್ಲಾ ಮನೇಲೂ ಇರುತ್ತೆ. ಡಬ್ಬಿ ಮೇಲೆ ಸೇವಂತಿಗೆ ಜಾತಿ ಹೂವು ಬೇರು ಹೆಸರಿದ್ರೂ ಹೆಸರಾದ 999 ಬ್ರ್ಯಾಂಡ್‌ದ್ರಲ್ಲಿ ಒಂದೊಂದು ಸ್ಯಾಷೆಗೆ 200 ಮಿಲಿಗ್ರಾಂ ಪ್ಯಾರಾಸಿಟಮಾಲ್, 4 ಮಿಲಿಗ್ರಾಂ ನಿದ್ದೆ ಬರಿಸೋ ಕ್ಲೋರ್‌ಫೆನಿರಮಿನ್, ಸ್ವಲ್ಪ ಕೆಫೀನ್ ಕೂಡ ಇದೆ, ಲೇಬಲ್‌ನಲ್ಲೇ ಬರೆದಿರುತ್ತೆ, ಆದ್ರೆ ಚೈನೀಸ್‌ನಲ್ಲಿ. ನಮಗೆ ಪರಿಚಯದ ಚನ್ನಪಟ್ಟಣದ ಹುಡುಗ ಒಬ್ಬ ದಿನಕ್ಕೆ ಮೂರು ಸ್ಯಾಷೆ, ಮೇಲೆ ಊರಿಂದ ತಂದ ಡೋಲೋ 650, ರಾತ್ರಿ ಸಿಟ್ರಿಜಿನ್ ಬೇರೆ. ಬೆಳಿಗ್ಗೆ ಎಲೆಕ್ಟ್ರಿಕ್ ಸ್ಕೂಟರ್ ಮೇಲೆ ತೂಕಡಿಸಿ ಬಿದ್ದು ಮಣಿಕಟ್ಟು ಮುರ್ಕೊಂಡ. ಆಸ್ಪತ್ರೇಲಿ ಏನೇನ್ ತಗೊಂಡ್ರಿ ಅಂತ ಕೇಳಿದ್ರೆ ಎರಡು ಮಾತ್ರೆ ಹೆಸರು ಹೇಳಿ ಸುಮ್ಮನಾದ, ಪುಡಿ ವಿಷಯ ಎತ್ತಲೇ ಇಲ್ಲ, ಅವನ ಪಾಲಿಗೆ ಅದು ಔಷಧಿನೇ ಅಲ್ಲ, ನಮ್ಮನೆ ಜೀರಿಗೆ ನೀರಿನ ಥರ. ಸೊಪ್ಪು ಬೇರು ಅಂದ್ರೆ ಎಷ್ಟು ಕುಡಿದ್ರೂ ಏನಾಗಲ್ಲ ಅಂತ ನಾವೆಲ್ಲ ಹಾಗೇ ಬೆಳೆದಿದೀವಲ್ಲ, ಅವನೊಬ್ಬನ್ನ ಬೈದು ಏನು ಪ್ರಯೋಜನ. ಆ ಕೈಯಲ್ಲಿ ಇವತ್ತಿಗೂ ಬಕೆಟ್ ಎತ್ತಕ್ಕಾಗಲ್ಲ ಅವನಿಗೆ, ನೋಡಿದಾಗೆಲ್ಲ ಸಂಕಟ ಆಗುತ್ತೆ.

ಅದಕ್ಕೇ ಡಬ್ಬಿ ಹಿಂದೆ ಫೋನ್ ಕ್ಯಾಮೆರಾ ಹಿಡಿದು ಟ್ರಾನ್ಸ್‌ಲೇಟ್ ಮಾಡಿ ಓದು, ಪ್ಯಾರಾಸಿಟಮಾಲ್ ಅಂತ ಬಂದ್ರೆ ಡೋಲೋ ಮುಟ್ಟಬೇಡ, ಅದೂ ಪ್ಯಾರಾಸಿಟಮಾಲೇ. ಅತ್ತೆ ಮಾವ ಬಂದಾಗ, ಬಿಪಿ ಇದ್ರೆ, ಮಾಹುವಾಂಗ್ ಅನ್ನೋ ಗಿಡಮೂಲಿಕೆ ಇರೋ ಔಷಧಿ ಕೊಡಬೇಡ, ಅದರಲ್ಲಿ ಎಫೆಡ್ರಿನ್ ಇರುತ್ತೆ, ಬಿಪಿ ಏರುತ್ತೆ. ಮಗನಿಗಂತೂ ದೊಡ್ಡೋರ ಸ್ಯಾಷೆ ಅರ್ಧ ಮಾಡಿ ಕೊಡೋ ಬುದ್ಧಿ ಬೇಡ, ಜ್ವರ ಇದ್ರೆ ಸೀದಾ ಮಕ್ಕಳ ಡಾಕ್ಟ್ರ ಹತ್ರ.

ಮೆಣಸು ಜೀರಿಗೆ ಪುಡಿ ತಗೊಂಡು ಬಾ. ದೊಡ್ಡಪತ್ರೆ ಕಡ್ಡಿ ಬ್ಯಾಗಲ್ಲಿ ಹಾಕೋ ಆಸೆ ನಂಗೂ ಇತ್ತು ಕಣೆ, ಆದ್ರೆ ಗಿಡ ಬೀಜ ತರೋ ಹಾಗಿಲ್ಲ, ಕಸ್ಟಮ್ಸ್‌ನಲ್ಲಿ ಕಿತ್ಕೋತಾರೆ.