ಬಾಗೇಪಲ್ಲಿ ಕಡೆ ಹಿರಿಯರ ವಯಸ್ಸು ಲೆಕ್ಕ ಹಾಕೋದು ಹೀಗೆ

ತಿಥಿ ಕಾರ್ಡಿನಲ್ಲಿ ಅಜ್ಜಿಯ ವಯಸ್ಸು ಒಂದು, ಆಧಾರ್‌ನಲ್ಲಿ ಇನ್ನೊಂದು ಯಾಕೆ ಅಂತ ಕೇಳಿದ್ದೀರಿ. ಬಾಗೇಪಲ್ಲಿ, ಗೌರಿಬಿದನೂರು ಕಡೆ ಎಂಬತ್ತು ದಾಟಿದ ಬಹಳಷ್ಟು ಜನ ಮನೆಯಲ್ಲೇ ಹುಟ್ಟಿದವರು, ತಾರೀಖು ಬರೆದಿಟ್ಟವರು ಕಡಿಮೆ. ಆಧಾರ್ ಮಾಡಿಸುವಾಗ ಅಂದಾಜಿಗೆ ಒಂದು ವಯಸ್ಸು ಹೇಳಿ, ಅದಕ್ಕೆ ಜನವರಿ 1 ಅಂತ ಬಿದ್ದಿರುತ್ತದೆ. ಅದಕ್ಕೇ ಮೊದಲು ಸಂವತ್ಸರ ಕೇಳಬೇಕು.

ಯುಗಾದಿಯಿಂದ ಯುಗಾದಿಗೆ ಬದಲಾಗುವ ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದು ಪ್ರಭವ. ಅಲ್ಲಿಂದ ಎಣಿಸಿದರೆ ಅವರು ಹೇಳಿದ ಸಂವತ್ಸರ ಎಷ್ಟನೆಯದೋ ಆ ಸಂಖ್ಯೆಗೆ 1926 ಕೂಡಿಸಿ. ಬಹುಧಾನ್ಯ ಹನ್ನೆರಡನೆಯದು, ಅಂದರೆ 1938ರ ಯುಗಾದಿಯಿಂದ ಶುರು. ಆ ಸಂವತ್ಸರದ ಸಂಕ್ರಾಂತಿ ಹೊತ್ತಿಗೆ ಹುಟ್ಟಿದ್ದರೆ 1939ರ ಜನವರಿ ಆಗುತ್ತದೆ. ಒಂದು ವರ್ಷ ತಪ್ಪುವುದು ಇಲ್ಲೇ. ಅರವತ್ತು ವರ್ಷಕ್ಕೆ ಅದೇ ಹೆಸರು ತಿರುಗಿ ಬರುವುದು ಇನ್ನೂ ದೊಡ್ಡ ತೊಡಕು. ಧಾತು ಅಂದ ಕೂಡಲೇ 1876–78ರ ಧಾತು-ಈಶ್ವರ ಬರದ ಮಾತು ಬಂದು ಸೇರಿಕೊಳ್ಳುತ್ತದೆ. ಆ ಬರದ ಕಥೆ ಅಜ್ಜಿ ತನ್ನ ಹಿರಿಯರಿಂದ ಕೇಳಿದ್ದು. ಅಜ್ಜಿ ಹುಟ್ಟಿದ ಧಾತು 1936ರದು.

ಸಂವತ್ಸರ ನೆನಪಿಲ್ಲದಿದ್ದರೆ ಊರಿನ ಘಟನೆ ಹಿಡಿದು ಕೇಳಿ. ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದ ಜನರ ಮೇಲೆ ಗೋಲಿಬಾರ್ ಆದದ್ದು 1938ರ ಏಪ್ರಿಲ್ 25. ಆಗ ಕೈಕೂಸೋ, ದನ ಕಾಯುವಷ್ಟು ದೊಡ್ಡವರೋ? ಸ್ವಾತಂತ್ರ್ಯ ಬಂದಾಗ ಮದುವೆ ಆಗಿತ್ತೋ ಇಲ್ಲವೋ? ಕೊನೆಗೆ ಹಿರಿಮಗನ ವಯಸ್ಸಿನ ಜೊತೆ ತಾಳೆ ನೋಡಿ. ಮಗನಿಗೆ ಅರವತ್ತು, ತಾಯಿಗೆ ನೂರೈದು ಅಂದರೆ ಎಲ್ಲೋ ತಪ್ಪಿದೆ, ಮತ್ತೆ ಕೇಳಿ.

ತವರಿನ ಹೆಸರು ಬರೆಯುವಾಗಲೂ ಎಚ್ಚರ ಬೇಕು. ನಮ್ಮಲ್ಲಿ ಹೆಣ್ಣು ತರುವುದು, ಕೊಡುವುದು ಎರಡೂ ಗಡಿ ದಾಟಿಯೇ ನಡೆಯುತ್ತದೆ. ಹಿಂದೂಪುರದ ಹೆಣ್ಣುಮಗಳು ಹುಟ್ಟಿದಾಗ ಅದು ಮದ್ರಾಸ್ ಪ್ರಾಂತ್ಯ, 1953ಕ್ಕೆ ಆಂಧ್ರ. ಜಿಲ್ಲೆ ಅನಂತಪುರ ಇದ್ದದ್ದು 2022ರಲ್ಲಿ ಶ್ರೀ ಸತ್ಯಸಾಯಿ ಆಯಿತು. ಮದುವೆಯಾಗಿ ಸೇರಿದ ಬಾಗೇಪಲ್ಲಿ ಆಗ ಮೈಸೂರು ರಾಜ್ಯದ ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ. ಕಾರ್ಡಿನಲ್ಲಿ ಈಗಿನ ಜಿಲ್ಲೆ ಹಾಕಿ. ಮನೆಯ ಪುಸ್ತಕದಲ್ಲಿ ಹಳೆಯದನ್ನೂ ಬರೆದಿಡಿ, ಹಳೆ ಕಾಗದ ಹುಡುಕುವಾಗ ಅದೇ ಬೇಕಾಗುತ್ತದೆ.

ಇದನ್ನೆಲ್ಲ ಅವರು ಇರುವಾಗಲೇ ಕೇಳಿ. ಅಷ್ಟು ವರ್ಷ ನಮಗಾಗಿ ದುಡಿದ ಜೀವಕ್ಕೆ ಹುಟ್ಟಿದ ವರ್ಷವನ್ನಾದರೂ ಸರಿಯಾಗಿ ಬರೆಯಬೇಕು. ಆಗಲಿಲ್ಲವೆಂದರೆ ತೀರಿಕೊಂಡ ಮೂರನೇ ದಿನದ ಹಾಲು-ತುಪ್ಪಕ್ಕೆ ತವರಿನವರು ಬಂದಾಗ ವಿಚಾರಿಸಿ, ಅಜ್ಜಿಯ ತಂಗಿಯನ್ನೋ ನಾದಿನಿಯನ್ನೋ ಕೂರಿಸಿಕೊಂಡು. ಗಂಡುಮಕ್ಕಳಿಗೆ ಹೊಲದ ಲೆಕ್ಕ ಗೊತ್ತಿರುತ್ತದೆ, ಹೆರಿಗೆಯ ಲೆಕ್ಕ ಹೆಂಗಸರಿಗೇ ಗೊತ್ತು. ತೆಲುಗಲ್ಲಿ ಹೇಳಿದರೆ ಹಾಗೆಯೇ ಬರೆದುಕೊಳ್ಳಿ, ಕನ್ನಡ ಆಮೇಲೆ ಮಾಡಬಹುದು.

ಮರಣ ನೋಂದಣಿಯ ದಾರಿ ಮಾತ್ರ ಬೇರೆ. 21 ದಿನದೊಳಗೆ ಮಾಡಿಸಿ, ಅಲ್ಲಿ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಕೊಡಿ. ಜಮೀನಿನ ಪಹಣಿಯಲ್ಲಿ ಹೆಸರು ಬೇರೆ ಥರ ಇದ್ದರೆ ಆಗಲೇ ಗುರುತು ಮಾಡಿಕೊಳ್ಳಿ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ಹೋದಾಗ ಮೊದಲು ಅಡ್ಡ ಬರುವುದು ಅದೇ.